ಮೈದಾನದ ಐದು ಮಳೆಗಾಲ

ಆಗೆಲ್ಲ ಕಲ್ಕತ್ತಾದ ಫುಟ್‌ಬಾಲ್ ಲೀಗ್ ಶುರುವಾಗುತ್ತಿದ್ದುದು ಬಿರುಬಿಸಿಲಲ್ಲಿ, ಮುಗಿಯುತ್ತಿದ್ದುದು ಕೆಸರಲ್ಲಿ. ಮೇ ತಿಂಗಳ ಗಟ್ಟಿ ನೆಲದ ಮೇಲೆ ಬರಿಗಾಲಿನ ಬಂಗಾಳಿ ಹುಡುಗರು ಬೂಟು ತೊಟ್ಟ ಗೋರಾ ಸಿಪಾಯಿಗಳನ್ನು ಅತ್ತಿಂದಿತ್ತ ಓಡಾಡಿಸಿ ಸುಸ್ತು ಮಾಡುತ್ತಿದ್ದರು. ಜೂನ್ ನಡುವಿಗೆ ಮುಂಗಾರು ಇಳಿಯಿತೆಂದರೆ ಆಟದ ಲೆಕ್ಕವೇ ಬದಲು. ಹುಲ್ಲು ಜಾರುತ್ತಿತ್ತು, ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು, ಬರಿಗಾಲಿಗೆ ನೆಲದ ಹಿಡಿತ ಸಿಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಪಾಯಿಂಟುಗಳು ಮಳೆಯಲ್ಲಿ ಕೊಚ್ಚಿಹೋಗುತ್ತಿದ್ದವು. 1898ರಲ್ಲಿ ಹುಟ್ಟಿದ ಈ ಲೀಗ್‌ನ ಪಟ್ಟ 1933ರವರೆಗೆ ಒಮ್ಮೆಯೂ ಭಾರತೀಯರ ಕ್ಲಬ್ಬಿಗೆ ದಕ್ಕಲಿಲ್ಲ. ಕೊನೆಯ ಮೂರು ವರ್ಷವಂತೂ ಡರ್ಹಮ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ಪಡೆಯದೇ ದರ್ಬಾರು. ಈಸ್ಟ್ ಬೆಂಗಾಲ್ ತಂಡ ಎರಡು ಸಲ ಹೊಸ್ತಿಲವರೆಗೆ ಬಂದು ಬರಿಗೈಲಿ ಮರಳಿತು.

1934ರಲ್ಲಿ ಆ ಬಾಗಿಲು ತೆರೆದವರು ಯಾರೂ ಎಣಿಸದಿದ್ದವರು. ಎರಡನೇ ಡಿವಿಜನ್‌ನಿಂದ ಆಗಷ್ಟೇ ಮೇಲೆ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಮೊದಲ ವರ್ಷವೇ ಲೀಗ್ ಗೆದ್ದುಬಿಟ್ಟಿತು. ಹೊಸಬರ ಅದೃಷ್ಟ ಎಂದು ಮೂಗು ಮುರಿದವರಿಗೆ ಮುಂದಿನ ವರ್ಷ ಉತ್ತರ ಸಿಕ್ಕಿತು, ಅದರ ಮುಂದಿನ ವರ್ಷ ಮತ್ತೆ ಸಿಕ್ಕಿತು. 1934, 35, 36, 37, 38. ಸತತ ಐದು ಪಟ್ಟ. ಕಪ್ಪು-ಬಿಳುಪು ಅಂಗಿಯ ಈ ಕ್ಲಬ್ಬಿನ ಅಭಿಮಾನಿಗಳ ಬಾಯಲ್ಲಿ ಆ ಐದು ವರ್ಷ ಇನ್ನೂ ಸವೆದಿಲ್ಲ. ಆಡಿದವರೂ ನೋಡಿದವರೂ ಹೋಗಿಬಿಟ್ಟರು. ಕೇಳಿದವರ ಮಕ್ಕಳು, ಮೊಮ್ಮಕ್ಕಳು ಹೇಳುತ್ತಲೇ ಇದ್ದಾರೆ. ಅವರ ಕಥೆಯಲ್ಲಿ ಬೆಂಗಳೂರಿನ ಪಾಲೂ ಇದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಮರೆತೇ ಹೋಗಿದೆ.

ಕಲ್ಕತ್ತಾದವರು 'ಮೈದಾನ್' ಎಂದು ಕರೆಯುವುದು ಫೋರ್ಟ್ ವಿಲಿಯಂ ಕೋಟೆಯ ಸುತ್ತಲಿನ ವಿಶಾಲ ಹುಲ್ಲುಬಯಲನ್ನು. ನೆಲದ ಒಡೆತನ ಅಂದೂ ಸೈನ್ಯದ್ದು, ಇಂದೂ ಸೈನ್ಯದ್ದು. ಅಲ್ಲಿ ಕ್ಲಬ್ಬುಗಳಿಗೆ ಇರುವ ಮನೆಗೆ ಈಗಲೂ ಟೆಂಟ್ ಎಂದೇ ಹೆಸರು. ಆಟದ ಆಡಳಿತ ನಡೆಸುತ್ತಿದ್ದುದು 1893ರಲ್ಲಿ ಸ್ಥಾಪನೆಯಾದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ (ಐಎಫ್‌ಎ). ಹೆಸರಿನಲ್ಲಿ ಇಂಡಿಯನ್ ಇದ್ದರೂ ಕುರ್ಚಿಗಳಲ್ಲಿ ಕೂತವರು ಬಹುಪಾಲು ಯುರೋಪಿಯನ್ನರು. ಮೊದಲ ಡಿವಿಜನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳು ಇರಕೂಡದು ಎಂಬ ಕಟ್ಟುಪಾಡು ಬಹುಕಾಲ ಇತ್ತು. ಅದನ್ನು ಮುರಿಸಲು 1920ರ ದಶಕದ ನಡುವೆ ಈಸ್ಟ್ ಬೆಂಗಾಲ್ ದೊಡ್ಡ ಜಗಳವನ್ನೇ ಮಾಡಬೇಕಾಯಿತು.

1911ರ ಜುಲೈ 29ರಂದು ಮೋಹನ್ ಬಗಾನ್ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು. ಹನ್ನೊಂದು ಮಂದಿಯಲ್ಲಿ ಬೂಟು ಹಾಕಿದ್ದವರು ಒಬ್ಬರೇ. ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ಆ ಸಂಜೆ ಹಿಂದೂ ಸೋದರರ ಗೆಲುವಿಗೆ ಹುಚ್ಚೆದ್ದು ಕುಣಿದವರಲ್ಲಿ ಮುಸ್ಲಿಂ ಕ್ಲಬ್ಬಿನ ಸದಸ್ಯರೂ ಇದ್ದರೆಂದು ಅಂದಿನ ಪತ್ರಿಕೆ ದಾಖಲಿಸಿತ್ತು. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದೇ ಮೈದಾನದ ಗ್ಯಾಲರಿಗಳು ಎರಡಾದವು. ಹೇಗೆ ಆದವು ಎಂಬುದು ಈ ಕಥೆಯ ಇನ್ನೊಂದು ಮಗ್ಗುಲು.

ಮೊಹಮ್ಮಡನ್ ಸ್ಪೋರ್ಟಿಂಗ್ ಆ ಹೆಸರಿನಲ್ಲಿ ನೆಲೆಗೊಂಡದ್ದು 1891ರಲ್ಲಿ. ನಲವತ್ತು ವರ್ಷ ಅದನ್ನು ಯಾರೂ ಗಂಭೀರವಾಗಿ ಎಣಿಸಲಿಲ್ಲ. ಎರಡನೇ ಡಿವಿಜನ್‌ನ ತಳದಲ್ಲಿ ಏಗುತ್ತಿದ್ದ ಕ್ಲಬ್ಬಿಗೆ 1930ರ ದಶಕದ ಆರಂಭದಲ್ಲಿ ಒಬ್ಬ ಕಾರ್ಯದರ್ಶಿ ಸಿಕ್ಕರು. ಅವರೇ ಸಿ. ಎ. ಅಜೀಜ್. ಫುಟ್‌ಬಾಲ್ ಇತಿಹಾಸದಲ್ಲಿ ಆಟಗಾರರಿಗೆ ಸಿಗುವ ಹಾರ ಆಡಳಿತಗಾರರಿಗೆ ಸಿಗುವುದು ಅಪರೂಪ, ಸಿಗಬೇಕಾದ್ದೂ ಅಪರೂಪ. ಅಜೀಜ್ ಅಂಥ ಅಪರೂಪದವರು. ಅವರು ಮಾಡಿದ್ದು ಎರಡೇ ಕೆಲಸ. ಮಳೆ ಬಿದ್ದ ದಿನ ತನ್ನ ಹುಡುಗರಿಗೆ ಹಗುರವಾದ ಬೂಟು ತೊಡಿಸಿದರು. ಕಲ್ಕತ್ತಾದಲ್ಲಿ ಸಿಕ್ಕವರನ್ನು ನೆಚ್ಚಿ ಕೂರದೆ ದೇಶವಿಡೀ ಆಟಗಾರರನ್ನು ಹುಡುಕಿಸಿ ತಂದರು.

ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಬಗ್ಗೆ ಬರೆದವರಲ್ಲಿ ಒಮ್ಮತವಿಲ್ಲ. ಬೂಟಿನ ಕಥೆ ಹೇಳಲು ಸೊಗಸು, ಆದ್ದರಿಂದ ಅದೇ ಹೆಚ್ಚು ಓಡಿದೆ. ನನಗೆ ಕಾಣುವಂತೆ ಬೂಟು ಸೋಲನ್ನು ತಡೆಯಿತು, ಗೆಲ್ಲಿಸಿದ್ದು ಆಟಗಾರರ ಆಯ್ಕೆ. ಬೂಟು ಯಾರು ಬೇಕಾದರೂ ಕೊಳ್ಳಬಹುದಿತ್ತು. ಕ್ವೆಟ್ಟಾದ ಕಡೆಯಿಂದ ಜುಮ್ಮಾ ಖಾನ್‌ನಂಥ ಆಜಾನುಬಾಹು ಫುಲ್‌ಬ್ಯಾಕ್‌ನನ್ನು ಕರೆತಂದು ನಿಲ್ಲಿಸಬೇಕೆಂದು ಹೊಳೆದದ್ದು ಅಜೀಜ್‌ಗೆ. ಗೋಲಿನಲ್ಲಿ ಉಸ್ಮಾನ್ ಜಾನ್, ನಡುವೆ ನೂರ್ ಮೊಹಮ್ಮದ್, ಮುಂದೆ ರಹೀಂ, ರಶೀದ್, ಬಲ ಅಂಚಿನಲ್ಲಿ ಕಲ್ಕತ್ತಾದ ಮಟಿಯಾಬುರ್ಜಿನ ಹುಡುಗ ಮೊಹಮ್ಮದ್ ಸಲೀಂ. ಜೊತೆಗೆ ಬೆಂಗಳೂರಿನ ಹುಡುಗರು.

ಬೆಂಗಳೂರು ಯಾಕೆ? ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಲ್ಟನ್ನುಗಳು ತಿಂಗಳುಗಟ್ಟಲೆ ಬೀಡುಬಿಟ್ಟಿರುತ್ತಿದ್ದವು. ಸಂಜೆಯಾದರೆ ಅವರಿಗೆ ಆಡಲು ಎದುರಾಳಿ ಬೇಕು. ಹಲಸೂರು, ಶಿವಾಜಿನಗರದ ಸುತ್ತಿನ ಗಲ್ಲಿಗಳ ಹುಡುಗರು ಆ ಸೋಲ್ಜರ್‌ಗಳ ಎದುರು ಆಡಿಯೇ ಆಟ ಕಲಿತರು. ಚೆಂಡನ್ನು ಕಾಲಿಗಂಟಿಸಿಕೊಂಡು ಹೋಗುವ ಕೈಚಳಕ ಇವರದು, ಅಲ್ಲ, ಕಾಲ್ಚಳಕ. ಕಲ್ಕತ್ತಾದ ಕ್ಲಬ್ಬುಗಳಿಗೆ ಈ ಗಣಿ ಕಣ್ಣಿಗೆ ಬಿದ್ದದ್ದೇ ತಡ, ಪೈಪೋಟಿ ಶುರುವಾಯಿತು. ಮೊಹಮ್ಮಡನ್ ಇಲ್ಲಿನ ಮುಸ್ಲಿಂ ಆಟಗಾರರನ್ನು ಕರೆದೊಯ್ದರೆ, ಈಸ್ಟ್ ಬೆಂಗಾಲ್ ಲಕ್ಷ್ಮೀನಾರಾಯಣ, ಮುರುಗೇಶ್ ಅವರನ್ನು ಕರೆಸಿಕೊಂಡಿತು. ನಮ್ಮೂರಿನ ಹುಡುಗರು ಮದ್ರಾಸ್ ಮೇಲ್ ಹತ್ತಿ ಹೌರಾದಲ್ಲಿ ಇಳಿಯುವುದು ಆ ಕಾಲಕ್ಕೇ ರೂಢಿಯಾಯಿತು.

ಅಭಿಮಾನಿಗಳ ನೆನಪಿನಲ್ಲಿ ಇವರೆಲ್ಲರ ಮೇಲಿರುವ ಹೆಸರು ಸಮದ್. ಸೈಯದ್ ಅಬ್ದುಸ್ ಸಮದ್, ಬಿಹಾರದ ಪೂರ್ಣಿಯಾ ಕಡೆಯವರು, ರೈಲ್ವೆ ನೌಕರ. ಮೊಹಮ್ಮಡನ್ ಅಂಗಿ ತೊಟ್ಟಾಗ ನಲವತ್ತರ ಹತ್ತಿರ ಬಂದಿದ್ದರು. ಬೇರೆಯವರು ಬೂಟು ನೇತುಹಾಕುವ ವಯಸ್ಸು ಅದು. ಜನ ಅವರನ್ನು ಜಾದೂಗಾರ ಎಂದೇ ಕರೆದರು. ಅವರ ಬಗ್ಗೆ ಒಂದು ಕಥೆ ತಪ್ಪದೆ ಬರುತ್ತದೆ. ಪರದೇಶದ ಪಂದ್ಯವೊಂದರಲ್ಲಿ ಅವರು ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ವಾಪಸು ಬಂತಂತೆ. ಮತ್ತೊಮ್ಮೆ ಒದ್ದರು, ಮತ್ತೆ ಪಟ್ಟಿಗೇ ಬಡಿಯಿತು. ನನ್ನ ಲೆಕ್ಕ ತಪ್ಪುವುದಿಲ್ಲ, ನಿಮ್ಮ ಕಂಬವೇ ಗಿಡ್ಡ ಇದೆ, ಅಳೆಯಿರಿ ಎಂದು ಸಮದ್ ಹಟ ಹಿಡಿದರಂತೆ. ಅಳೆದರೆ ನಿಜವಾಗಿಯೂ ಎತ್ತರ ಕಡಿಮೆ ಇತ್ತಂತೆ! ಎಷ್ಟು 'ಅಂತೆ' ಬಂತೆಂದು ಎಣಿಸುವ ಗೋಜಿಗೆ ಹೋಗಬಾರದು. ಇಂಥ ಕಥೆ ಹುಟ್ಟಿಸಿಕೊಳ್ಳುವ ಯೋಗ್ಯತೆ ಎಲ್ಲ ಆಟಗಾರರಿಗೂ ಇರುವುದಿಲ್ಲ.

ಗೆಲುವಿನ ಸುದ್ದಿ ಕಲ್ಕತ್ತಾದಾಚೆ ಹಬ್ಬಿತು. ಢಾಕಾದಿಂದ, ಚಿತ್ತಗಾಂಗ್‌ನಿಂದ, ಅಸ್ಸಾಂ ಕಡೆಯಿಂದ ಜನ ರೈಲು ಹಿಡಿದು ಪಂದ್ಯ ನೋಡಲು ಬರತೊಡಗಿದರು. ಟಿಕೆಟ್ ಸಿಗದವರಿಗೆ ಕೋಟೆಯ ಇಳಿಜಾರು ದಿಬ್ಬವಿತ್ತು. ಅಲ್ಲಿಂದ ಪುಕ್ಕಟೆ ನೋಡಬಹುದಿತ್ತು, ಆದರೆ ಮುಂದಿನವರ ತಲೆ ಅಡ್ಡ. ಅದಕ್ಕೆ ರಟ್ಟಿನ ಕೊಳವೆಗೆ ಎರಡು ಕನ್ನಡಿಚೂರು ಓರೆಯಾಗಿ ಕೂರಿಸಿದ ಪೆರಿಸ್ಕೋಪುಗಳನ್ನು ಮೈದಾನದಲ್ಲಿ ಮಾರುತ್ತಿದ್ದರು. ಅದನ್ನು ತಲೆಯ ಮೇಲೆ ಎತ್ತಿಹಿಡಿದು ಕೆಳಗಿನ ಕನ್ನಡಿಗೆ ಕಣ್ಣಿಟ್ಟರೆ ಅಂಗೈಯಗಲದ ಆಟ ಕಾಣುತ್ತಿತ್ತು. ಬಂಗಾಳಿ ಕವಿ ಕಾಜಿ ನಜ್ರುಲ್ ಇಸ್ಲಾಂ ಈ ತಂಡದ ಗೆಲುವಿನ ಮೇಲೆ ಕವಿತೆ ಬರೆದರು. 1936ರ ಅಕ್ಟೋಬರಿನಲ್ಲಿ ಮೌಲಾನಾ ಅಕ್ರಂ ಖಾನ್ 'ಆಜಾದ್' ಪತ್ರಿಕೆ ಆರಂಭಿಸಿದ ಮೇಲೆ ಬಂಗಾಳಿ ಮುಸ್ಲಿಂ ಓದುಗರಿಗೆ ತಮ್ಮ ತಂಡದ ಸುದ್ದಿ ತಮ್ಮದೇ ಪತ್ರಿಕೆಯಲ್ಲಿ ಸಿಗತೊಡಗಿತು.

ಐದು ವರ್ಷಗಳಲ್ಲಿ ಶಿಖರವೆಂದರೆ 1936. ಲೀಗ್ ಕೈಯಲ್ಲಿತ್ತು, ಶೀಲ್ಡ್ ಬಾಕಿ ಇತ್ತು. ಮೋಹನ್ ಬಗಾನ್‌ನ 1911ರ ಗೆಲುವಿನ ನಂತರ ಇಪ್ಪತ್ತೈದು ವರ್ಷ ಆ ಶೀಲ್ಡ್ ಮತ್ತೆ ಯಾವ ಭಾರತೀಯ ತಂಡದ ಕೈಗೂ ಬಂದಿರಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಕಲ್ಕತ್ತಾ ಫುಟ್‌ಬಾಲ್ ಕ್ಲಬ್, ಅಂದರೆ ಊರಿನ ಬಿಳಿಯ ಸಾಹೇಬರ ಖಾಸಾ ಕ್ಲಬ್. ಮೊದಲ ಪಂದ್ಯ ಸಮ. ಮರುಪಂದ್ಯದಲ್ಲಿ ಮೊಹಮ್ಮಡನ್ 2-1ರಿಂದ ಗೆದ್ದಿತು. ಒಂದೇ ವರ್ಷ ಲೀಗ್, ಶೀಲ್ಡ್ ಎರಡನ್ನೂ ಗೆದ್ದ ಮೊದಲ ಭಾರತೀಯ ಕ್ಲಬ್ ಅದು.

ಅದೇ ವರ್ಷ ಸಲೀಂ ಕಾಣೆಯಾದ. ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ಕಲ್ಕತ್ತಾದಲ್ಲಿಳಿದು ಪ್ರದರ್ಶನ ಪಂದ್ಯ ಆಡಿತು. ಮೊದಲ ಪಂದ್ಯದಲ್ಲಿ ಎಲ್ಲರ ಕಣ್ಣು ಸೆಳೆದ ಸಲೀಂ ಎರಡನೆಯದರ ಹೊತ್ತಿಗೆ ಪತ್ತೆ ಇಲ್ಲ. ಹುಡುಕಾಡಿದ್ದಾಯಿತು, ಪತ್ರಿಕೆಯಲ್ಲಿ ಪ್ರಕಟಣೆಯೂ ಬಂತು. ಅಷ್ಟರಲ್ಲಿ ಆತ ಬಂಧುವೊಬ್ಬನ ಮಾತು ಕೇಳಿ ಹಡಗು ಹತ್ತಿ ಬ್ರಿಟನ್ನಿನ ದಾರಿಯಲ್ಲಿದ್ದ. ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿನ ಮ್ಯಾನೇಜರ್ ವಿಲ್ಲಿ ಮ್ಯಾಲಿಯ ಮುಂದೆ ನಿಂತು ಆ ಬಂಧು ಹೇಳಿದ್ದಿಷ್ಟು: ಈತ ಒಳ್ಳೆಯ ಆಟಗಾರ, ಆದರೆ ಬರಿಗಾಲಲ್ಲಿ ಆಡುತ್ತಾನೆ. ಸ್ಕಾಟ್ಲೆಂಡಿನ ವೃತ್ತಿಪರರ ಎದುರು ಬರಿಗಾಲು! ಆದರೂ ಪರೀಕ್ಷಿಸಿ ನೋಡಿ ಒಪ್ಪಿದರು. ಸೆಲ್ಟಿಕ್‌ನ ಎರಡನೇ ತಂಡಕ್ಕೆ ಆಡಿದ ಎರಡು ಪಂದ್ಯಗಳಲ್ಲಿ ಈ 'ಇಂಡಿಯನ್ ಜಗ್ಲರ್'ನನ್ನು ಕಂಡು ಅಲ್ಲಿನ ಪತ್ರಿಕೆ ಬೆರಗಾಗಿ ಬರೆಯಿತು. ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ ಮುಂದೆ ಬಾಗಿ ಸಲೀಂನ ಪಾದಗಳಿಗೆ ಪಟ್ಟಿ ಸುತ್ತುತ್ತಿರುವ ಫೋಟೋ ಒಂದಿದೆ. ಬಿಳಿಯನೊಬ್ಬ ಕರಿಯ ಪ್ರಜೆಯ ಕಾಲು ಹಿಡಿದು ಕೂತ ಆ ಚಿತ್ರ 1936ರಲ್ಲಿ ಎಷ್ಟು ವಿಚಿತ್ರವಾಗಿ ಕಂಡಿರಬೇಡ.

ಸಲೀಂಗೆ ಮನೆಯ ನೆನಪು ಕಾಡಿತು. ಸೆಲ್ಟಿಕ್‌ನವರು ಇರು ಎಂದರೂ ಇರಲಿಲ್ಲ, ಕಲ್ಕತ್ತಾಕ್ಕೆ ಮರಳಿ ಮತ್ತೆ ಕಪ್ಪು-ಬಿಳುಪು ಅಂಗಿ ತೊಟ್ಟ. ಎಷ್ಟೋ ವರ್ಷಗಳ ನಂತರ, ತಂದೆ ಮುಪ್ಪಿನಲ್ಲಿ ಕಾಯಿಲೆ ಬಿದ್ದಾಗ, ಸಲೀಂ ಅವರ ಮಗ ಸೆಲ್ಟಿಕ್‌ಗೆ ಒಂದು ಪತ್ರ ಬರೆದು ಚಿಕಿತ್ಸೆಗೆ ನೆರವು ಕೇಳಿದರು. ಹಣ ಬೇಕಿರಲಿಲ್ಲ, ಅಪ್ಪನ ಹೆಸರು ಅಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ತಿಳಿಯಬೇಕಿತ್ತಷ್ಟೇ ಎಂದು ಆಮೇಲೆ ಹೇಳಿಕೊಂಡರು. ಉತ್ತರದೊಡನೆ ನೂರು ಪೌಂಡಿನ ಬ್ಯಾಂಕ್ ಡ್ರಾಫ್ಟ್ ಬಂತು. ಮಗ ಅದನ್ನು ನಗದು ಮಾಡಿಸದೆ ಜೋಪಾನವಾಗಿ ಇಟ್ಟುಕೊಂಡರು.

ಇನ್ನು ಬೆಂಗಳೂರಿನ ತಿರುಗೇಟು. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿತ್ತು, ಗೆದ್ದವರೆಲ್ಲ ಬ್ರಿಟಿಷ್ ಪಡೆಗಳೇ. 1937ರ ಫೈನಲ್‌ಗೆ ಮೊದಲ ಬಾರಿಗೆ ಎರಡೂ ಕಡೆ ಭಾರತೀಯರೇ ಬಂದರು. ಒಂದು ಕಡೆ ಕಲ್ಕತ್ತಾದ ಚಾಂಪಿಯನ್ ಮೊಹಮ್ಮಡನ್ ಸ್ಪೋರ್ಟಿಂಗ್, ಇನ್ನೊಂದು ಕಡೆ ಬೆಂಗಳೂರು ಮುಸ್ಲಿಮ್ಸ್. ಯಾರ ಹುಡುಗರನ್ನು ಕರೆದೊಯ್ದು ಕಲ್ಕತ್ತಾ ಬೀಗುತ್ತಿತ್ತೋ ಆ ಊರಿನಲ್ಲಿ ಉಳಿದವರು 1-0ಯಿಂದ ಗೆದ್ದುಬಿಟ್ಟರು. ರೋವರ್ಸ್ ಕಪ್ ಎತ್ತಿದ ಮೊದಲ ಭಾರತೀಯ ತಂಡ ಎಂಬ ಕೀರ್ತಿ ನಮ್ಮೂರಿಗೆ ಬಂತು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಪಡೆಯನ್ನು 3-2ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡದ್ದೂ ಆಯಿತು. 1911ರ ಮೋಹನ್ ಬಗಾನ್ ಮೇಲೆ ಪುಸ್ತಕಗಳಿವೆ, ಸಿನಿಮಾ ಇದೆ. 1937ರ ಬೆಂಗಳೂರಿನ ಹನ್ನೊಂದು ಮಂದಿಯ ಹೆಸರು ಹೇಳಿ ಎಂದರೆ ಇಲ್ಲಿ ಕಬ್ಬನ್ ಪಾರ್ಕಿನಿಂದ ಹಲಸೂರು ಕೆರೆಯವರೆಗೆ ಎಷ್ಟು ಜನ ಹೇಳಿಯಾರು?

ಕಲ್ಕತ್ತಾದಲ್ಲಿ ಅಷ್ಟರಲ್ಲಿ ಗಾಳಿ ಬದಲಾಗಿತ್ತು. ತಂಡದ ಐದು ಪಟ್ಟಗಳ ಕಾಲವೂ ಬಂಗಾಳದ ರಾಜಕೀಯ ಮಗ್ಗುಲು ಬದಲಿಸಿದ ಕಾಲವೂ ಒಂದೇ. 1932ರಲ್ಲಿ ಶಾಸನಸಭೆಯ ಸ್ಥಾನಗಳನ್ನು ಮತವಾರು ಹಂಚಿದ ಕೋಮುವಾರು ತೀರ್ಪು, 1935ರಲ್ಲಿ ಹೊಸ ಭಾರತ ಸರ್ಕಾರ ಕಾಯ್ದೆ, 1937ರಲ್ಲಿ ಚುನಾವಣೆ ನಡೆದು ಫಜ್ಲುಲ್ ಹಕ್ ಅವರ ಸರ್ಕಾರ. ಆ ಸರ್ಕಾರದಲ್ಲಿ ಗೃಹ ಖಾತೆ ಹೊತ್ತಿದ್ದ, ಮುಂದೆ ಪಾಕಿಸ್ತಾನದ ಪ್ರಧಾನಿಯಾದ ಢಾಕಾ ನವಾಬರ ಮನೆತನದ ಖ್ವಾಜಾ ನಾಜಿಮುದ್ದೀನ್ ಕ್ಲಬ್ಬಿನ ದೊಡ್ಡ ಪೋಷಕರಲ್ಲೊಬ್ಬರು. ಮೊದಲ ಪಟ್ಟವನ್ನು ಬಿಳಿಯರ ಮೇಲಿನ ಭಾರತೀಯರ ಗೆಲುವೆಂದು ಹಲವರು ಸ್ವಾಗತಿಸಿದರು. ನಜ್ರುಲ್ ಹೊಗಳಿದ್ದೂ ಭಾರತದ ಹೆಸರಿನಲ್ಲೇ. ಮೂರನೆಯದು, ನಾಲ್ಕನೆಯದು ಬರುವಷ್ಟರಲ್ಲಿ ಹಿಂದೂ ಭದ್ರಲೋಕದ, ಅಂದರೆ ಓದಿದ ಮೇಲ್ವರ್ಗದ, ಚಪ್ಪಾಳೆ ಸಣ್ಣದಾಯಿತು, ಮುಸ್ಲಿಂ ಗ್ಯಾಲರಿಯ ಘೋಷಣೆ ದೊಡ್ಡದಾಯಿತು.

ಇತಿಹಾಸಕಾರರ ಜಗಳ ಇರುವುದು ಇಲ್ಲೇ. ಈ ಗೆಲುವುಗಳು ಮುಸ್ಲಿಂ ಲೀಗ್ ರಾಜಕೀಯಕ್ಕೆ ನೆಲ ಹದಮಾಡಿದವು ಎಂಬುದು ಒಂದು ವಾದ. ಹಿಂದುಳಿದ ಸಮುದಾಯವೊಂದು ತಲೆಯೆತ್ತಿ ನಡೆಯಲು ಕಲಿತದ್ದನ್ನೇ ಕೋಮುವಾದ ಎಂದು ಬರೆದಿಟ್ಟದ್ದು ಆ ಕಾಲದ ಭದ್ರಲೋಕದ ಅಸೂಯೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಮೈದಾನದೊಳಗಿನ ತಂಡ ಒಂದು, ಗ್ಯಾಲರಿ ಕಟ್ಟಿಕೊಂಡ ತಂಡ ಇನ್ನೊಂದು ಎಂಬುದನ್ನು ಎರಡೂ ಕಡೆಯವರು ಮರೆಯುತ್ತಾರೆ ಎನಿಸುತ್ತದೆ. ಬಂಗಾಳಿ ಬಾರದ ಪಠಾಣ, ದಖನಿ ಉರ್ದು ಆಡುವ ಬೆಂಗಳೂರಿನವ, ಬಿಹಾರದ ರೈಲ್ವೆ ನೌಕರ, ಮಟಿಯಾಬುರ್ಜಿನ ಹುಡುಗ ಒಟ್ಟಿಗೆ ಉಣ್ಣುತ್ತ, ಆಡುತ್ತ ಕಟ್ಟಿದ ತಂಡ ಅದು. ಒಂದು ಮತದ ಹೆಸರು ಹೊತ್ತ ಕ್ಲಬ್ಬೇ ಅಂದಿನ ಕಲ್ಕತ್ತಾದಲ್ಲಿ ಇಡೀ ದೇಶದ ತಂಡಕ್ಕೆ ಎಲ್ಲಕ್ಕಿಂತ ಹತ್ತಿರವಿತ್ತು. ಊರಿನವರೇ ಆಡಬೇಕೆಂಬ ಹಳೆಯ ಹೆಮ್ಮೆಯನ್ನು ಮುರಿದದ್ದು ಅದೇ. ಉಳಿದವರು ಆಮೇಲೆ ಅದರ ಹೆಜ್ಜೆಯಲ್ಲೇ ನಡೆದರು.

1939ರಲ್ಲಿ ಸರಪಳಿ ಕಡಿಯಿತು, ಆದರೆ ಸೋತು ಅಲ್ಲ. ರೆಫರಿಗಳು, ಅಸೋಸಿಯೇಷನ್ ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಮೊಹಮ್ಮಡನ್ ಲೀಗ್‌ನ ನಡುವೆಯೇ ಹೊರನಡೆಯಿತು. ವಿಶೇಷವೆಂದರೆ ಜೊತೆಗೆ ಹೊರಬಂದ ಈಸ್ಟ್ ಬೆಂಗಾಲ್, ಕಾಳಿಘಾಟ್, ಆರ್ಯನ್ಸ್ ಮೂರೂ ಹಿಂದೂಗಳು ನಡೆಸುತ್ತಿದ್ದ ಕ್ಲಬ್ಬುಗಳು. ಎಲ್ಲವನ್ನೂ ಹಿಂದೂ-ಮುಸ್ಲಿಂ ಲೆಕ್ಕದಲ್ಲಿ ಓದುವವರಿಗೆ ಇದು ಗಂಟಲಲ್ಲಿ ಇಳಿಯುವುದು ಕಷ್ಟ. ಆ ವರ್ಷ ಮೋಹನ್ ಬಗಾನ್ ತನ್ನ ಮೊದಲ ಲೀಗ್ ಗೆದ್ದಿತು. ಖಾಲಿ ಮನೆಯಲ್ಲಿ ಗೆದ್ದರೆಂದು ಮೊಹಮ್ಮಡನ್‌ನವರು ಕೆಣಕುವುದು ಇಂದಿಗೂ ನಿಂತಿಲ್ಲ.

ರಾಜಿಯಾಗಿ ಮರಳಿದ ತಂಡ 1940ರಲ್ಲಿ ಮೂರು ಊರುಗಳಲ್ಲಿ ಮೂರು ಪ್ರಶಸ್ತಿ ಬಾಚಿಕೊಂಡಿತು. ಕಲ್ಕತ್ತಾದಲ್ಲಿ ಲೀಗ್. ಬೊಂಬಾಯಿಯ ರೋವರ್ಸ್ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೇಲೆ 1-0, ಹಳೆಯ ಬಾಕಿ ಚುಕ್ತಾ. ಡಿಸೆಂಬರಿನಲ್ಲಿ ದೆಹಲಿಯ ಇರ್ವಿನ್ ಆಂಫಿಥಿಯೇಟರ್‌ನಲ್ಲಿ ಡ್ಯುರಾಂಡ್ ಕಪ್ ಫೈನಲ್. ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟ್ ವಿರುದ್ಧ 2-1. ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ತಂಡವಾಯಿತು ಮೊಹಮ್ಮಡನ್. ಆ ದಿನ ಸೀಟಿ ಊದಿದ ಕ್ಯಾಪ್ಟನ್ ಹರ್ನಾಮ್ ಸಿಂಗ್ ಕೂಡ ಡ್ಯುರಾಂಡ್ ಫೈನಲ್ ನಡೆಸಿದ ಮೊದಲ ಭಾರತೀಯ ರೆಫರಿ. 1941ರಲ್ಲಿ ಮತ್ತೆ ಲೀಗ್, ಶೀಲ್ಡ್ ಎರಡೂ.

ಆಮೇಲಿನದು ಬೇಗ ಹೇಳಿ ಮುಗಿಸಬೇಕಾದ ಅಧ್ಯಾಯ, ಹೇಳಲು ಮನಸ್ಸಾಗದ್ದು. 1946ರ ಆಗಸ್ಟ್ 16ರಂದು ಅದೇ ಮೈದಾನದಲ್ಲಿ ಮುಸ್ಲಿಂ ಲೀಗ್‌ನ ಸಭೆ ಸೇರಿತು. ನಂತರದ ನಾಲ್ಕು ದಿನ ಕಲ್ಕತ್ತಾದ ಬೀದಿಗಳಲ್ಲಿ ಸಾವಿರಾರು ಹೆಣ ಬಿದ್ದವು. ಆ ವರ್ಷ ಶೀಲ್ಡ್ ನಡೆಯಲಿಲ್ಲ. ದೇಶ ಒಡೆದ ಮೇಲೆ ಪೋಷಕರು, ಅಭಿಮಾನಿಗಳು ದೊಡ್ಡ ಸಂಖ್ಯೆಯಲ್ಲಿ ಗಡಿ ದಾಟಿದರು. ಜಾದೂಗಾರ ಸಮದ್ ಪೂರ್ವ ಪಾಕಿಸ್ತಾನದ ಪಾರ್ಬತಿಪುರದಲ್ಲಿ ನೆಲೆನಿಂತು 1964ರಲ್ಲಿ ತೀರಿಕೊಂಡರು. ಹೋದವರಿಗೆ ಢಾಕಾದಲ್ಲಿ 1936ರಿಂದಲೇ ಇದ್ದ ಅದೇ ಹೆಸರಿನ ಕ್ಲಬ್ ಒದಗಿತು. ಉಳಿದವರ ಪಾಲಿಗೆ 1948ರಲ್ಲಿ ಒಂದು ಲೀಗ್ ಪಟ್ಟ ಬಂತು. ರಕ್ತದ ಕಲೆ ಆರದ ಊರಿನಲ್ಲಿ ಆ ಪಟ್ಟ ಗೆಲ್ಲಲು 1934ಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕಾಗಿದ್ದಿರಬೇಕು. ಆಮೇಲೆ 1957, 1967, 1981. ಅಂತರ ಹಿಗ್ಗುತ್ತ ಹೋದದ್ದು ಈ ಇಸವಿಗಳಲ್ಲೇ ಕಾಣುತ್ತದೆ.

ಅಜೀಜ್ ತೊಡಿಸಿದ ಬೂಟಿನ ಪಾಠ ಮಾತ್ರ ದೇಶಕ್ಕೆ ತಡವಾಗಿ ತಲುಪಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸ್‌ಗೆ 1-2ರಿಂದ ಸೋತಿತು. 1952ರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಬಗ್ಗುಬಡಿಯಿತು. ಆಮೇಲಷ್ಟೇ ಬೂಟು ಕಡ್ಡಾಯವಾಯಿತು. ಆ ಎರಡು ಸೋಲುಗಳಲ್ಲಿ ಭಾರತ ಹೊಡೆದ ಒಂದೊಂದು ಗೋಲೂ ಬೆಂಗಳೂರಿನವರದೇ: ಲಂಡನ್ನಿನಲ್ಲಿ ಸಾರಂಗಪಾಣಿ ರಾಮನ್, ಹೆಲ್ಸಿಂಕಿಯಲ್ಲಿ ಅಹ್ಮದ್ ಖಾನ್. ಅಹ್ಮದ್ ಖಾನ್ ಮತ್ತು ಧನರಾಜ್ ಅಷ್ಟು ಹೊತ್ತಿಗೆ ಈಸ್ಟ್ ಬೆಂಗಾಲ್ ಮುಂಪಡೆಯ 'ಪಂಚಪಾಂಡವ'ರಲ್ಲಿ ಇಬ್ಬರು. 1930ರ ದಶಕದಲ್ಲಿ ಬಿದ್ದ ಬೆಂಗಳೂರು-ಹೌರಾ ದಾರಿಯಲ್ಲಿ ಹೋದವರೇ ಇವರೂ. ಹೋಗದೆ ಉಳಿದವರು ಸೇರಿ ಪ್ರಾಂತಗಳ ನಡುವಿನ 1946ರ ಸಾಲಿನ ಸಂತೋಷ್ ಟ್ರೋಫಿಯಲ್ಲಿ ಅದೇ ಬಂಗಾಳವನ್ನು ಸೋಲಿಸಿ ಮೈಸೂರಿಗೆ ಮೊದಲ ಕಿರೀಟ ತಂದರು.

2021ರ ನವೆಂಬರಿನಲ್ಲಿ ಮೊಹಮ್ಮಡನ್ ನಲವತ್ತು ವರ್ಷಗಳ ಮೇಲೆ ಮತ್ತೆ ಕಲ್ಕತ್ತಾ ಲೀಗ್ ಗೆದ್ದಿತು. 2024ರ ಏಪ್ರಿಲ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಐ-ಲೀಗ್ ಗೆದ್ದು ದೇಶದ ಮೇಲ್ಮಟ್ಟದ ಲೀಗ್ ಆದ ಐಎಸ್‌ಎಲ್‌ಗೆ ಏರಿತು. ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. ಆಟಗಾರರ ಸಂಬಳ ಬಾಕಿಯ ಸುದ್ದಿಗಳ ನಡುವೆ ಮೊದಲ ಐಎಸ್‌ಎಲ್ ವರ್ಷವನ್ನು ಪಟ್ಟಿಯ ತಳದಲ್ಲಿ ಮುಗಿಸಿತು. ಆ ಬಡಕಲು ವರ್ಷದಲ್ಲೂ 2025ರ ಜನವರಿಯ ಒಂದು ರಾತ್ರಿ ಈ ತಂಡ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂದು, ಪಟ್ಟಿಯಲ್ಲಿ ತನಗಿಂತ ಎಷ್ಟೋ ಮೇಲಿದ್ದ ಬೆಂಗಳೂರು ಎಫ್‌ಸಿಯನ್ನು ಪಂದ್ಯದ ಕೊನೆಗಳಿಗೆಯ ಫ್ರೀಕಿಕ್ ಗೋಲಿನಿಂದ 1-0ಯಲ್ಲಿ ಸೋಲಿಸಿಹೋಯಿತು. ಆ ಫ್ರೀಕಿಕ್ ಒದ್ದವನು ಉಜ್ಬೇಕಿಸ್ತಾನದ ಮಿರ್ಜಲೋಲ್ ಕಾಸಿಮೋವ್. ದೂರದ ಊರಿಂದ ಆಟಗಾರರನ್ನು ಹುಡುಕಿ ತರುವ ಅಭ್ಯಾಸವನ್ನು ಕ್ಲಬ್ ಆಗಲೂ ಬಿಟ್ಟಿರಲಿಲ್ಲ.